ಅಲ್ಝೈಮರ್ ಕಾಯಿಲೆಯಲ್ಲಿ ಹೊಸ ನೆನಪೇ ಮೊದಲು ಹೋಗುವುದೇಕೆ?

1901ರ ನವೆಂಬರ್. ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಯಲ್ಲಿ ಡಾ. ಅಲೋಯ್ಸ್ ಅಲ್ಝೈಮರ್ 51 ವರ್ಷದ ಆಗುಸ್ಟ್ ಡೆಟೆರ್ ಎಂಬಾಕೆಗೆ ಪೆನ್ಸಿಲ್, ಪೆನ್ನು, ಪರ್ಸ್, ಕೀಲಿಕೈ ತೋರಿಸಿ ಇದೇನು, ಇದೇನು ಎಂದು ಕೇಳಿದರು. ಕಾಯಿಲೆ ಆಗಲೇ ಬಲಿತಿತ್ತು. ಗಂಡನ ಹೆಸರು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳಿದ್ದರು. ಆದರೂ ಈ ವಸ್ತುಗಳನ್ನೆಲ್ಲ ಸರಿಯಾಗಿ ಗುರುತಿಸಿದರು. ಸ್ವಲ್ಪ ಹೊತ್ತು ಬಿಟ್ಟು, ಏನೇನು ತೋರಿಸಿದೆ ಎಂದು ಕೇಳಿದಾಗ ಮಾತ್ರ ಒಂದೂ ನೆನಪಿರಲಿಲ್ಲ. ಇಡೀ ಪಾಠ ಈ ಒಂದು ಪರೀಕ್ಷೆಯಲ್ಲೇ ಇದೆ: ಗುರುತಿಸುವ ಶಕ್ತಿ ಉಳಿದಿದೆ, ದಾಖಲಿಸುವ ಶಕ್ತಿ ಹೋಗಿದೆ.

1906ರಲ್ಲಿ ಆಕೆ ತೀರಿಕೊಂಡ ಮೇಲೆ ಅಲ್ಝೈಮರ್ ಆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಗಟ್ಟಿ ಕಲೆಗಳು, ಒಳಗೆ ಸಿಕ್ಕುಗಟ್ಟಿದ ಎಳೆಗಳು. ಹೊರಗಿನದು ಬೀಟಾ ಅಮಿಲಾಯ್ಡ್, ಒಳಗಿನದು ಟೌ ಪ್ರೋಟೀನು ಎಂಬುದು ತಿಳಿದದ್ದು 1980ರ ದಶಕದಲ್ಲಿ.

ಈ ಎರಡನ್ನೂ ಒಂದೇ ಉಸಿರಿನಲ್ಲಿ ಬರೆದು ಮುಂದೆ ಹೋಗಬೇಡಿ. ಅಮಿಲಾಯ್ಡ್ ಕಲೆಗಳು ಮರೆವೇ ಇಲ್ಲದ ಎಷ್ಟೋ ವೃದ್ಧರ ಮಿದುಳಲ್ಲೂ ಸಿಗುತ್ತವೆ. ಮರೆವಿನ ಜೊತೆಜೊತೆಗೆ ಹೆಜ್ಜೆ ಹಾಕುವುದು ಟೌ. ಅದು ಎಲ್ಲಿಂದ ಎಲ್ಲಿಗೆ ಹರಡುತ್ತದೆ ಎಂಬುದನ್ನು ಜರ್ಮನಿಯ ಮಿದುಳು ತಜ್ಞರಾದ ಹೈಕೊ ಮತ್ತು ಇವಾ ಬ್ರಾಕ್ ದಂಪತಿ 1991ರಲ್ಲಿ ಆರು ಹಂತಗಳಾಗಿ ವಿಂಗಡಿಸಿದರು: ಮೊದಲು ಎಂಟೊರೈನಲ್ ಕಾರ್ಟೆಕ್ಸ್ (ಮಿದುಳಿನ ಹೊರಪದರದ ಒಂದು ಸಣ್ಣ ಭಾಗ) ಮತ್ತು ಅದರ ಆಸುಪಾಸು, ಆಮೇಲೆ ಪಕ್ಕದ ಹಿಪ್ಪೊಕ್ಯಾಂಪಸ್ (ಹೊಸ ನೆನಪನ್ನು ದಾಖಲಿಸುವ ಭಾಗ), ಕೊನೆಗೆ ಹೊರಪದರದ ಉಳಿದ ಭಾಗ.

ಆ ಮೊದಲ ಜಾಗದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಕಂಡದ್ದು, ಕೇಳಿದ್ದು ಹಿಪ್ಪೊಕ್ಯಾಂಪಸ್ ತಲುಪುವುದು ಬಹುಪಾಲು ಎಂಟೊರೈನಲ್ ಕಾರ್ಟೆಕ್ಸ್ ಮೂಲಕ. ಅದರ ಎರಡನೇ ಪದರದ ಕೋಶಗಳು ಹಿಪ್ಪೊಕ್ಯಾಂಪಸ್‌ಗೆ ತಂತುಗಳನ್ನು ಕಳಿಸುತ್ತವೆ. ಕಾಯಿಲೆ ಇನ್ನೂ ಬಹಳ ಸೌಮ್ಯವಾಗಿರುವಾಗಲೇ ಈ ಪದರದ ಅರ್ಧಕ್ಕಿಂತ ಹೆಚ್ಚು ಕೋಶಗಳು ಸತ್ತಿರುವುದು 1996ರ ಒಂದು ಅಧ್ಯಯನದಲ್ಲಿ ಕಂಡುಬಂತು. ಕೋಶ ಸಾಯುವ ಮೊದಲೇ ಬೇರೆ ಕೋಶಗಳ ಜೊತೆಗಿನ ಅದರ ಸಂಪರ್ಕದ ಕೊಂಡಿಗಳಾದ ಸಿನಾಪ್ಸ್‌ಗಳು ಉದುರಿಹೋಗುತ್ತವೆ. ಹಾಗಾಗಿ ಎದುರಿಗಿದ್ದವರು ಹೇಳಿದ ಮಾತು ಅರ್ಥವಾಗುತ್ತದೆ, ಉತ್ತರವೂ ಬರುತ್ತದೆ, ಆದರೆ ಆ ಮಾತು ಎಲ್ಲೂ ಉಳಿಯುವುದಿಲ್ಲ. ಐದು ನಿಮಿಷಕ್ಕೆ ಅದೇ ಪ್ರಶ್ನೆ ಮತ್ತೆ. ದಯವಿಟ್ಟು ಇದನ್ನು ಹಟ ಎಂದುಕೊಳ್ಳಬೇಡಿ. ಕೇಳಿದವರ ಮಟ್ಟಿಗೆ ಅದು ಮೊದಲ ಸಲವೇ.

ಸಾಮಾನ್ಯ ಮುಪ್ಪಿನ ಮರೆವಿಗೂ ಇದಕ್ಕೂ ವ್ಯತ್ಯಾಸ ಇಲ್ಲೇ ಇದೆ. ಮುಪ್ಪಿನ ಮರೆವಿನಲ್ಲಿ ಒಂದು ಸುಳಿವು ಕೊಟ್ಟರೆ "ಹೌದಲ್ಲ!" ಎಂದು ನೆನಪಾಗುತ್ತದೆ. ಅಲ್ಝೈಮರ್‌ನಲ್ಲಿ ಸುಳಿವಿನಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಹುಡುಕಲು ಒಳಗೆ ದಾಖಲೆಯೇ ಆಗಿರುವುದಿಲ್ಲ.

ಬಾಲ್ಯದ ನೆನಪು ತಡವಾಗಿ ಹೋಗುವುದಕ್ಕೂ ಕಾರಣ ಇದೇ ಹರಡುವ ಕ್ರಮ. ವರ್ಷಗಳುದ್ದಕ್ಕೂ ಮತ್ತೆಮತ್ತೆ ಮೆಲುಕು ಹಾಕಿದ ನೆನಪು ಹೊರಪದರದಲ್ಲಿ ಬೇರೂರಿರುತ್ತದೆ, ಹಿಪ್ಪೊಕ್ಯಾಂಪಸ್‌ನ ಆಸರೆ ಅದಕ್ಕೆ ಅಷ್ಟಾಗಿ ಬೇಕಿಲ್ಲ ಎಂಬುದು ಪ್ರಚಲಿತ ವಿವರಣೆ. ಟೌ ಅಲ್ಲಿಗೂ ಹಬ್ಬಿದಾಗ ಅವೂ ಕರಗುತ್ತವೆ. ಕೈಗೆ ರೂಢಿಯಾದ ಕೆಲಸಗಳು ಚಲನೆಯನ್ನು ಹದಗೊಳಿಸುವ ಮಿದುಳಿನ ಭಾಗಗಳಾದ ಬೇಸಲ್ ಗ್ಯಾಂಗ್ಲಿಯಾ, ಸೆರೆಬೆಲಮ್‌ಗಳನ್ನು ನೆಚ್ಚಿರುವುದರಿಂದ ಇನ್ನೂ ಹೆಚ್ಚು ಕಾಲ ಉಳಿಯುತ್ತವೆ.

ಔಷಧಿಗಳನ್ನೂ ಈ ನಕ್ಷೆಯ ಮೇಲಿಟ್ಟೇ ಓದಿ. ಡೊನೆಪೆಜಿಲ್, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವಾದ, ಕಾಯಿಲೆಯಲ್ಲಿ ಕಡಿಮೆಯಾದ ಅಸಿಟೈಲ್‌ಕೋಲಿನ್ ಅನ್ನು ಸ್ವಲ್ಪ ಹೆಚ್ಚಿಸುತ್ತದೆ, ಕೋಶನಾಶವನ್ನು ತಡೆಯುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್ ಅಮಿಲಾಯ್ಡ್ ಅನ್ನು ತೆಗೆದುಹಾಕಿ ಆರಂಭದ ಹಂತದಲ್ಲಿ ಕುಸಿತದ ವೇಗವನ್ನಷ್ಟೇ ತಗ್ಗಿಸುತ್ತದೆ. ಎರಡನೇ ಪದರದಲ್ಲಿ ಸತ್ತ ಕೋಶಗಳನ್ನು ಅದು ಮರಳಿಸಲಾರದು.