ಎಲ್ಲಾರೂ ಬಂದ್ರೇನ್ರೋ?

"ನಮ್ಗೆ ಟ್ರೈನಿಂಗ್ ಆಗಿದೆ ಸರ್." ಫೈರ್ ಸ್ಟೇಷನ್ನಿಂದ ನಿವೃತ್ತನಾದ ಮೇಲೆ ಹಾಸನದ ಸುತ್ತಮುತ್ತ ಯಾವ ಶಾಲೆಗೆ ಮಾಕ್ ಡ್ರಿಲ್ (ಬೆಂಕಿ ಬಿದ್ದರೆ ಹೊರಗೆ ಬರುವ ಅಭ್ಯಾಸ) ಮಾಡಿಸಲು ಹೋದರೂ ಮೇಷ್ಟ್ರುಗಳಿಂದ ಮೊದಲು ಕಿವಿಗೆ ಬೀಳುವ ಮಾತು ಇದು. ಸುಳ್ಳೇನಲ್ಲ. ಬೆಂಕಿ ಆರಿಸುವ ಸಿಲಿಂಡರಿನ ಪಿನ್ ಎಳೆಯುವುದು, 112ಕ್ಕೆ ಫೋನ್ ಮಾಡುವುದು ಎಲ್ಲ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಮಕ್ಕಳ ಲೆಕ್ಕ.

ಆಲೂರು ಕಡೆಯ ಒಂದು ಶಾಲೆಯಲ್ಲಿ ಗಂಟೆ ಬಾರಿಸಿದ ನಾಲ್ಕೇ ನಿಮಿಷಕ್ಕೆ ಮಕ್ಕಳು ಮೈದಾನದಲ್ಲಿದ್ದರು. ಮೇಷ್ಟ್ರು ಖುಷಿಯಿಂದ ವಾಚ್ ತೋರಿಸಿದರು. ಎಲ್ಲರೂ ಬಂದ್ರಾ ಅಂತ ಕೇಳಿದೆ. ಅವರು ತಿರುಗಿ "ಎಲ್ಲಾರೂ ಬಂದ್ರೇನ್ರೋ?" ಅಂತ ಕೂಗಿದರು. "ಬಂದ್ವಿ ಸಾ..." ಅಂತ ಒಂದೇ ರಾಗ. ಹೆಡ್ ಮೇಷ್ಟ್ರಿಗೆ ಮಾತ್ರ ಹೇಳಿ ಐದನೇ ಕ್ಲಾಸಿನ ಒಬ್ಬನನ್ನು ನಾನು ಲೈಬ್ರರಿಯಲ್ಲಿ ಕೂರಿಸಿದ್ದೆ. ಒಳಗಿರುವವನು ಬಂದಿಲ್ಲ ಅಂತ ಹೇಗೆ ಕೂಗ್ತಾನೆ ಸ್ವಾಮಿ?

ಲೆಕ್ಕಕ್ಕೆ ಎರಡು ಸಂಖ್ಯೆ ಬೇಕು. ಬೆಳಗ್ಗೆ ಎಷ್ಟಿದ್ದರು, ಈಗ ಎದುರಿಗೆ ಎಷ್ಟಿದ್ದಾರೆ. ಮೊದಲನೆಯದು ಗೊತ್ತಿಲ್ಲದೆ ಎರಡನೆಯದನ್ನು ಹತ್ತು ಸಲ ಎಣಿಸಿದರೂ ಸುಮ್ನೆ ತಲೆ ಎಣಿಸಿದ ಹಾಗೆ. 31 ತಲೆ ಇದೆ, ಸರಿ, ಬೆಳಗ್ಗೆ ಇದ್ದದ್ದು 31 ಅಥವಾ 32? ಹಾಜರಿ ಪುಸ್ತಕ ಸ್ಟಾಫ್ ರೂಮಿನ ಬೀರುವಿನಲ್ಲಿದೆ, ಅದನ್ನು ತರಲು ಹೊಗೆಯೊಳಗೆ ಓಡೋಕಾಗುತ್ತಾ?

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಎಣಿಸಿದ್ದರೆ ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ, ಅಲ್ಲಿ ಕಟ್ಟಡವೇ ಸರಿ ಇರಲಿಲ್ಲ. ಆದರೆ ನಾವು ಗಾಡಿ ಇಳಿದ ತಕ್ಷಣ ಕೇಳೋದು ಒಂದೇ, ಒಳಗೆ ಯಾರಾದ್ರೂ ಇದ್ದಾರಾ? ಗೊತ್ತಿಲ್ಲ ಅಂದರೆ ನಮ್ಮ ಹುಡುಗರು ಒಂದೊಂದು ರೂಮನ್ನೂ ಕಣ್ಣು ಕಾಣದೆ ತಡಕಬೇಕು.

ಸಕಲೇಶಪುರ ಕಡೆ ಊರೊಳಗೆ ಆನೆ ಬಂದರೆ ಕೆಲಸ ಉಲ್ಟಾ, ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಆಗಲೂ ಎಣಿಸಿ. ಟಾಯ್ಲೆಟ್‌ಗೆ ಹೋದವನೊಬ್ಬ ಇದ್ದೇ ಇರ್ತಾನೆ.

ಹಾಲು, ಮೊಟ್ಟೆ, ಸಮೀಕ್ಷೆ ಅಂತ ಎಲ್ಲದರ ಲೆಕ್ಕ ಬರೆಯುವ ಮೇಷ್ಟ್ರುಗಳಿಗೆ ಇನ್ನೊಂದು ರಿಜಿಸ್ಟರ್ ಕೊಡಲು ನನಗೂ ಮನಸ್ಸಿಲ್ಲ. ಹಾಜರಿ ಮುಗಿದ ಮೇಲೆ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ, ಸಾಕು.

ಅವತ್ತು ಆ ಶಾಲೆಯಲ್ಲಿ ಸಂಖ್ಯೆ ಗೊತ್ತಿದ್ದದ್ದು ಬಿಸಿಯೂಟದ ಅಕ್ಕನಿಗೆ. ಅಕ್ಕಿ ಅಳೆಯೋಕೆ ಬೆಳಗ್ಗೆಯೇ ಕೇಳಿಕೊಂಡಿದ್ದರು. ಸೆರಗಿಗೆ ಕೈ ಒರೆಸುತ್ತಾ "ಇವತ್ತು ನೂರಾ ಹದಿನಾಲ್ಕು ಸಾ" ಅಂದರು. ಎಣಿಸಿದೆವು, 113. ಅಷ್ಟರಲ್ಲಿ ಲೈಬ್ರರಿ ಕಿಟಕಿಯಿಂದ ಆ ಹುಡುಗನೇ ಇಣುಕಿದ. "ಸಾ, ನಾನಿನ್ನೂ ಇಲ್ಲೇ ಇರ್ಬೇಕಾ?"