ಹೆಡರ್‌ಗೆ ಪಟ್ಟಿ ಸುತ್ತುವ ಮೊದಲು, ಬಿಸಿ ಎಲ್ಲಿಗೆ ಹೋಗುತ್ತೆ ನೋಡಿ

ಕಳೆದ ತಿಂಗಳು ಒಬ್ಬ ಹುಡುಗ ಪೋಲೋ 1.0 ಟಿಎಸ್‌ಐ ತಂದಿದ್ದ. ಇಂಜಿನ್ ಹೊಗೆ ಹೊರಗೆ ಒಯ್ಯುವ ಹೊಸ ಪೈಪ್ (ಡೌನ್‌ಪೈಪ್) ಹಾಕಿಸಿ, ಇಂಜಿನ್ ಕಂಪ್ಯೂಟರ್‌ನ ಲೆಕ್ಕ ಬದಲಿಸಿ ರೀಮ್ಯಾಪ್ ಮಾಡಿಸಿದ್ದ. ಕೈಯಲ್ಲಿ ಪೈಪ್‌ಗೆ ಸುತ್ತುವ, ಬಿಸಿ ತಡೆಯುವ ಪಟ್ಟಿಯ ಒಂದು ಸುರುಳಿ, ಅದೇ ಹೀಟ್ ರ‍್ಯಾಪ್. "ಅಣ್ಣಾ, ಬಾನೆಟ್ ಒಳಗೆ ತುಂಬಾ ಬಿಸಿಯಾಗ್ತಿದೆ. ಇದನ್ನ ಸುತ್ತಿಬಿಡಿ, ತಣ್ಣಗಾಗುತ್ತೆ" ಅಂದ. ಕಂಪನಿಯಿಂದ ಬಂದಿದ್ದ ಹೀಟ್ ಶೀಲ್ಡ್ (ಬಿಸಿಗೆ ಅಡ್ಡ ಇಡುವ ತಗಡು) ಎಲ್ಲಿ ಅಂತ ಕೇಳಿದೆ. "ಹೊಸ ಪೈಪ್‌ಗೆ ಅದು ಕೂರಲಿಲ್ಲ ಅಣ್ಣಾ, ತೆಗೆದುಬಿಟ್ರು" ಅಂದ. ನನಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ರ‍್ಯಾಪ್ ಬಿಸಿಯನ್ನು ಕಡಿಮೆ ಮಾಡುವುದಿಲ್ಲ. ಹೆಡರ್ ಇರಲಿ (ಸಿಲಿಂಡರ್‌ಗಳಿಂದ ಹೊಗೆ ಹೊರತರುವ ಪೈಪ್‌ಗಳ ಗೊಂಚಲು), ಡೌನ್‌ಪೈಪ್ ಇರಲಿ, ಪೈಪಿನ ಒಳಗೇ ಕೂಡಿಹಾಕುತ್ತದೆ, ಅಷ್ಟೇ. ಫ್ಲಾಸ್ಕಿನಲ್ಲಿ ಕಾಫಿ ಬಿಸಿಯಾಗಿ ಉಳಿಯುತ್ತದಲ್ವಾ, ಹಾಗೆ. ಹೊರಗೆ ಕೈಗೆ ತಟ್ಟುವ ಬಿಸಿ ಕಡಿಮೆ, ಒಳಗೆ ಲೋಹದ ಬಿಸಿ ಜಾಸ್ತಿ. ಇದು ಕೆಲವು ಕಡೆ ನಮಗೆ ಬೇಕು, ಕೆಲವು ಕಡೆ ಬೇಡವೇ ಬೇಡ. ಈ ಎರಡರ ವ್ಯತ್ಯಾಸ ತಿಳಿಯದೆ ಸುಮ್ನೆ ಸುತ್ತಿದರೆ ಒಳ್ಳೆ ಪೈಪ್ ಹಾಳಾಗುತ್ತದೆ.

ಟರ್ಬೊ (ಹೊಗೆಯ ಜೋರಿನಿಂದ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಚಕ್ರ) ಇರುವ ಪೆಟ್ರೋಲ್ ಇಂಜಿನ್ನನ್ನು ಪೂರ್ತಿ ಒತ್ತಿ ಓಡಿಸಿದಾಗ ಟರ್ಬೊಗೆ ಬರುವ ಹೊಗೆ 850ರಿಂದ 950 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಗಾಡಿಯ ಪವರ್ ಅಳೆಯುವ ಡೈನೋ ಮೇಲೆ ಲೈಟ್ ಆರಿಸಿ ನೋಡಿದರೆ ಟರ್ಬೊ ಹೌಸಿಂಗ್ ಕುಲುಮೆಯಲ್ಲಿಟ್ಟ ಕಬ್ಬಿಣದ ಹಾಗೆ ಕೆಂಪಗೆ ಕಾಣುತ್ತದೆ. ಇಷ್ಟು ಕಾದ ಲೋಹ ಪಕ್ಕದ ಗಾಳಿಯನ್ನು ಬಿಸಿ ಮಾಡುವುದರ ಜೊತೆಗೆ ಬೆಂಕಿಯ ಝಳದ ಹಾಗೆ ದೂರದಿಂದಲೇ ಸುಡುತ್ತದೆ. ಈ ಝಳ ಏರುವ ಲೆಕ್ಕ ಭಯಂಕರ. 400 ಡಿಗ್ರಿ ಇದ್ದ ಪೈಪ್ 800ಕ್ಕೆ ಹೋದರೆ ಅದು ಎರಡು ಪಟ್ಟಲ್ಲ, ಹೆಚ್ಚುಕಮ್ಮಿ ಆರೂವರೆ ಪಟ್ಟಾಗುತ್ತದೆ. ಹಾಗಾಗಿ ಝಳಕ್ಕೆ ಒಂದು ತಡೆ ಹಾಕಿದರೆ ಅರ್ಧ ಯುದ್ಧ ಗೆದ್ದ ಹಾಗೆ.

ಇಂಜಿನ್ ಒಳಗೆ ಹೋಗುವ ಗಾಳಿಯೂ ಇದರಲ್ಲಿ ಕಾಯುತ್ತದೆ. 30 ಡಿಗ್ರಿ ಇರಬೇಕಾದ ಗಾಳಿ 60 ಆದರೆ ಅದರ ಸಾಂದ್ರತೆ ಸುಮಾರು 9 ಶೇಕಡ ಇಳಿಯುತ್ತದೆ. ಓಡುವಾಗ ಇದು ಅಷ್ಟು ಗೊತ್ತಾಗುವುದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತು ನೋಡಿ, ಗಾಡಿ ಸೋತ ಹಾಗೆ ಆಗುತ್ತದೆ. ಜೋರಾಗಿ ಓಡಿಸಿ ತಕ್ಷಣ ಇಂಜಿನ್ ಆಫ್ ಮಾಡಿದರೂ ಇದೇ ಕಥೆ. ಗಾಳಿ ಹರಿಯುವುದು ನಿಂತುಹೋಗಿ, ಬಾನೆಟ್ ಒಳಗಿನ ಬಿಸಿ ಇಳಿಯುವ ಬದಲು ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ. ವೈರಿಂಗ್, ಹೋಸ್, ರಬ್ಬರ್ ಎಲ್ಲ ಬೇಯುವುದು ಆವಾಗಲೇ.

ಈಗ ರ‍್ಯಾಪ್ ವಿಷಯಕ್ಕೆ ಬರೋಣ. ಜೆಸಿ ರೋಡಿನಲ್ಲಿ ಸಿಗುವ ಪಟ್ಟಿಗಳಲ್ಲಿ ಹೆಚ್ಚಿನವು ಗ್ಲಾಸ್ ಫೈಬರ್. ಅವು ಒಂದೇ ಸಮ ತಡೆಯುವುದು ಸುಮಾರು 550ರಿಂದ 650 ಡಿಗ್ರಿ. ಜ್ವಾಲಾಮುಖಿಯ ಕಲ್ಲಿನಿಂದ ಮಾಡಿದ ಬಸಾಲ್ಟ್ ಪಟ್ಟಿ ಅದಕ್ಕಿಂತ ಜಾಸ್ತಿ ತಡೆಯುತ್ತದೆ. 'ಟೈಟಾನಿಯಂ' ಅಂತ ಮಾರುವ ಪಟ್ಟಿಯ ಮೂಲವೂ ಸಾಮಾನ್ಯವಾಗಿ ಇದೇ ಕಲ್ಲು, ಲೋಹವಲ್ಲ. ಬಣ್ಣ ನೋಡಿ ಕೊಳ್ಳಬೇಡಿ, ಬಾಕ್ಸಿನ ಮೇಲೆ ನೇರ ಬಿಸಿಗೆ ಎಷ್ಟು ಡಿಗ್ರಿ ಅಂತ ಬರೆದಿದೆಯೋ ಅದನ್ನು ಓದಿ. ಕೆಲವು ಬಾಕ್ಸಿನ ಮೇಲೆ ಫ್ಯಾರನ್‌ಹೀಟ್‌ನಲ್ಲಿ ಬರೆದಿರುತ್ತಾರೆ. 1200 ಅಂತ ಕಂಡರೆ ಅದು ನಮ್ಮ ಲೆಕ್ಕದಲ್ಲಿ 650.

ರ‍್ಯಾಪ್ ಬಗ್ಗೆ ನನಗೆ ಇಷ್ಟು ಎಚ್ಚರಿಕೆ ಬರಲು ಒಂದು ಕಾರಣ ಇದೆ. ತುಂಬಾ ವರ್ಷದ ಹಿಂದೆ ರ‍್ಯಾಲಿಗೆ ತಯಾರು ಮಾಡಿದ್ದ ಎಸ್ಟೀಮ್ ಒಂದಕ್ಕೆ ಮೈಲ್ಡ್ ಸ್ಟೀಲ್ ಹೆಡರ್ ಹಾಕಿ, ನಾನೇ ಕೂತು ನೀಟಾಗಿ ಪಟ್ಟಿ ಸುತ್ತಿದ್ದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಕೆಸರು ದಾರಿಯಲ್ಲಿ ಎರಡು ಮಳೆಗಾಲ ಓಡಿತು. ಆಮೇಲೆ ಒಂದು ದಿನ ಸದ್ದು ಬೇರೆ ಥರ ಬರುತ್ತಿದೆ ಅಂತ ಬಿಚ್ಚಿ ನೋಡಿದರೆ, ಪಟ್ಟಿಯ ಜೊತೆಗೆ ಕಬ್ಬಿಣವೂ ಕಿತ್ತು ಬಂತು. ತುಕ್ಕು ಹಪ್ಪಳದ ಹಾಗೆ ಪದರು ಪದರಾಗಿ ನೆಲಕ್ಕೆ ಬಿತ್ತು. ನಾಲ್ಕು ಪೈಪ್ ಸೇರುವ ಜಾಗದಲ್ಲಿ ವೆಲ್ಡ್ ಪಕ್ಕ ನನ್ನ ಹೆಬ್ಬೆರಳು ಹೋಗುವಷ್ಟು ಬಿರುಕು. ಪಟ್ಟಿ ನೀರು ಹಿಡಿದಿಟ್ಟುಕೊಂಡಿತ್ತು. ಅದು ಒಣಗುವಾಗ ಕೆಸರು, ಉಪ್ಪು ಎಲ್ಲ ಲೋಹಕ್ಕೆ ಅಂಟಿ ಉಳಿದಿತ್ತು. ಮೇಲಿಂದ ಮೇಲೆ ಜಾಸ್ತಿ ಕಾದು ಲೋಹ ಸುಟ್ಟುಹೋಗಿತ್ತು. ಹೊರಗಿನಿಂದ ಮಾತ್ರ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ರ‍್ಯಾಪ್‌ನ ನಿಜವಾದ ತೊಂದರೆ ಅದೇ, ಒಳಗೆ ಏನಾಗುತ್ತಿದೆ ಅಂತ ಅದು ತೋರಿಸುವುದಿಲ್ಲ.

ಸ್ಟೇನ್‌ಲೆಸ್ ಆದರೆ ಏನೂ ಆಗಲ್ಲ ಅನ್ನುವವರು ತುಂಬಾ ಜನ. 304 ಸ್ಟೇನ್‌ಲೆಸ್ ಅನ್ನು 450ರಿಂದ 850 ಡಿಗ್ರಿ ನಡುವೆ ತುಂಬಾ ಹೊತ್ತು ಇಟ್ಟರೆ ಅದರೊಳಗಿನ ಕ್ರೋಮಿಯಂ ಇಂಗಾಲದ ಜೊತೆ ಸೇರಿಕೊಳ್ಳುತ್ತದೆ. ತುಕ್ಕು ತಡೆಯುತ್ತಿದ್ದುದೇ ಆ ಕ್ರೋಮಿಯಂ. ವೆಲ್ಡ್ ಪಕ್ಕದಲ್ಲಿ ಇದು ಇನ್ನೂ ಬೇಗ ಆಗುತ್ತದೆ. 321 ಗ್ರೇಡ್‌ನಲ್ಲಿ ಟೈಟಾನಿಯಂ ಸೇರಿಸಿರುವುದು ಇದನ್ನು ತಡೆಯಲಿಕ್ಕೇ. ಹೆಡರ್ ಮಾಡಿಸುವಾಗ ಯಾವ ಗ್ರೇಡ್ ಅಂತ ಕೇಳಿ, ಆಮೇಲೆ ರ‍್ಯಾಪ್ ಯೋಚನೆ ಮಾಡಿ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಇಂಜಿನ್ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರ್) ಗ್ಯಾಸ್ಕೆಟ್‌ನಿಂದ ಎಣ್ಣೆ ಜಿನುಗುತ್ತಿದ್ದರೆ ಕೆಳಗಿನ ಹೆಡರ್‌ಗೆ ರ‍್ಯಾಪ್ ಸುತ್ತಲೇಬೇಡಿ. ಬರೀ ಪೈಪ್ ಮೇಲೆ ಬಿದ್ದ ಹನಿ ಸಾಮಾನ್ಯವಾಗಿ ಹೊಗೆಯಾಡಿ ಹೋಗುತ್ತದೆ. ಪಟ್ಟಿ ಅದನ್ನು ಕುಡಿಯುತ್ತದೆ. ಎಣ್ಣೆ ಕುಡಿದ ಬತ್ತಿ ಕಾದ ಕಬ್ಬಿಣದ ಮೇಲೆ ಕೂತರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಬ್ರೇಕ್ ಆಯಿಲ್‌ಗೂ ಇದೇ ಮಾತು.

ಹಾಗಾದರೆ ರ‍್ಯಾಪ್ ಎಲ್ಲಿ ಸರಿ? ಪ್ರತಿ ರೇಸ್ ಆದ ಮೇಲೆ ಬಿಚ್ಚಿ ನೋಡುವ ಗಾಡಿಗೆ. ಕೊಯಮತ್ತೂರಿನ ಕರಿ ಟ್ರ್ಯಾಕ್‌ನಲ್ಲಿ ಓಡುವ ಗಾಡಿಗೆ ಸುತ್ತಿ ಅಂದರೆ ನಾನು ಸುತ್ತುತ್ತೇನೆ. ಟರ್ಬೊ ಮುಂಚಿನ ಪೈಪ್‌ನಲ್ಲಿ ಬಿಸಿ ಉಳಿದರೆ ಟರ್ಬೈನ್ ತಿರುಗಿಸುವ ಶಕ್ತಿಯೂ ಉಳಿಯುತ್ತದೆ, ಅದು ನಿಜವಾದ ಲಾಭ. ಸುತ್ತುವಾಗ ಒಂದು ಸುತ್ತಿನ ಮೇಲೆ ಇನ್ನೊಂದು ಕಾಲಿಂಚು ಬಂದರೆ ಸಾಕು. ಕಟ್ಟಲು ಸ್ಟೇನ್‌ಲೆಸ್ ಪಟ್ಟಿಯೇ ಬೇಕು. ಜಿಐ ತಂತಿಯ ಸತು 419 ಡಿಗ್ರಿಗೆ ಕರಗಿಹೋಗುತ್ತದೆ. ಗ್ಲೌಸ್, ಮಾಸ್ಕ್ ಮರೆಯಬೇಡಿ, ಆ ನೂಲಿನ ಧೂಳು ಚರ್ಮಕ್ಕೆ ಹೊಕ್ಕರೆ ಎರಡು ದಿನ ತುರಿಕೆ.

ದಿನಾ ಓಡಿಸುವ ಗಾಡಿಗೆ ನಾನು ಹೇಳುವುದು ಸೆರಾಮಿಕ್ ಕೋಟಿಂಗ್, ಅಂದರೆ ಪೈಪ್‌ಗೆ ಹೊಡೆಯುವ ಬಿಸಿ ತಡೆಯುವ ಲೇಪ. ಇದು ನೀರು ಹಿಡಿಯುವುದಿಲ್ಲ, ಎಣ್ಣೆ ಕುಡಿಯುವುದಿಲ್ಲ, ಬಿರುಕು ಬಿಟ್ಟರೆ ಕಣ್ಣಿಗೆ ಕಾಣುತ್ತದೆ. ಬಿಸಿಯನ್ನು ರ‍್ಯಾಪ್‌ನಷ್ಟು ತಡೆಯುವುದಿಲ್ಲ, ಅದು ಸತ್ಯ. ಆದರೆ ಕೆಲಸ ಸರಿಯಾಗಿ ಆಗಬೇಕು. ಪೈಪ್ ಬಿಚ್ಚಿ, ಎಣ್ಣೆ ಮಸಿ ಎಲ್ಲ ಸುಟ್ಟು ತೆಗೆದು, ಗ್ರಿಟ್ ಬ್ಲಾಸ್ಟ್ ಮಾಡಿ, ಆಗುವಷ್ಟು ಒಳಗೂ ಹೊರಗೂ ಹೊಡೆದು, ಓವನ್‌ನಲ್ಲಿ ಬೇಯಿಸಬೇಕು. ಗಾಡಿಯಲ್ಲಿ ಇದ್ದ ಹಾಗೇ ಡಬ್ಬಿಯಿಂದ ಸ್ಪ್ರೇ ಹೊಡೆಯುವುದು ಬಣ್ಣ, ಕೋಟಿಂಗ್ ಅಲ್ಲ. ಬೆಳ್ಳಿಯ ಹಾಗೆ ಹೊಳೆಯುವ ಕೋಟಿಂಗ್ 700 ಡಿಗ್ರಿ ದಾಟಿದರೆ ಮಂಕಾಗುತ್ತದೆ. ಟರ್ಬೊ ಹೌಸಿಂಗ್‌ಗೆ ಅದಕ್ಕೆಂದೇ ಇರುವ, ಜಾಸ್ತಿ ಬಿಸಿ ತಡೆಯುವ ಕೋಟಿಂಗ್ ಕೇಳಿ.

ಇವೆರಡಕ್ಕಿಂತ ಮೊದಲು ಶೀಲ್ಡ್. ತೆಳು ಅಲ್ಯೂಮಿನಿಯಂ ತಗಡು, ಪೈಪ್‌ಗೂ ಅದಕ್ಕೂ ನಡುವೆ ಒಂದು ಬೆರಳಿನಷ್ಟು ಜಾಗ, ಆ ಜಾಗದಲ್ಲಿ ಗಾಳಿ ಓಡಾಟ. ಹೊಳೆಯುವ ತಗಡು ಝಳವನ್ನು ವಾಪಸ್ ಕಳಿಸುತ್ತದೆ. ಮೆಕ್ಲಾರೆನ್ ಎಫ್1 ಕಾರಿನ ಇಂಜಿನ್ ಬೇ ಒಳಗೆ ಚಿನ್ನದ ಹಾಳೆ ಅಂಟಿಸಿದ್ದು ಶೋಕಿಗಲ್ಲ. ಆ ಝಳವನ್ನು ಹಿಂದಕ್ಕೆ ಕಳಿಸಲು ಚಿನ್ನದಷ್ಟು ಒಳ್ಳೆಯ ವಸ್ತು ಕಡಿಮೆ. ನಮಗೆ ಅಲ್ಯೂಮಿನಿಯಂ ಸಾಕು. ಆದರೆ ಅದು 660 ಡಿಗ್ರಿಗೆ ಕರಗುತ್ತದೆ, ಪೈಪ್‌ಗೆ ತಾಗಬಾರದು.

ಅಳೆಯದೆ ಏನೂ ಮಾಡಬೇಡಿ. ಇನ್‌ಫ್ರಾರೆಡ್ ಗನ್ ಹೊಳೆಯುವ ಲೋಹದ ಮೇಲೆ ಹಿಡಿದರೆ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ನಾನು ಬಳಸುವುದು ಬಿಸಿಗೆ ಕಪ್ಪಾಗುವ ಸ್ಟಿಕ್ಕರ್. ಒಂದೊಂದು ಮನೆಗೂ ಒಂದೊಂದು ಡಿಗ್ರಿ, ಒಮ್ಮೆ ಕಪ್ಪಾದರೆ ಹಾಗೇ ಉಳಿಯುತ್ತದೆ.

ಆ ಪೋಲೋಗೂ ಅದನ್ನೇ ಅಂಟಿಸಿದೆ. ಈ ಇಂಜಿನ್‌ನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ ಒಳಗೇ ಇದೆ, ಸುತ್ತ ಕೂಲಂಟ್ ಹರಿಯುತ್ತದೆ, ಅಲ್ಲಿ ಸುತ್ತಲು ಏನೂ ಇಲ್ಲ. ಬಿಸಿ ಎಲ್ಲ ಹಿಂದೆ, ಟರ್ಬೊ ಮತ್ತು ಡೌನ್‌ಪೈಪ್‌ನಲ್ಲಿ. ಅವನು ಎರಡು ದಿನ ಓಡಿಸಿ ತಂದಾಗ ಡ್ರೈವ್‌ಶಾಫ್ಟ್ ಬೂಟ್ (ಚಕ್ರ ತಿರುಗಿಸುವ ಸರಳಿನ ಕೀಲಿಗೆ ಹಾಕುವ ರಬ್ಬರ್ ಚೀಲ) ಪಕ್ಕದ ಸ್ಟಿಕ್ಕರ್‌ನಲ್ಲಿ 149ರ ಮನೆ ಕಪ್ಪಾಗಿತ್ತು. ಬೂಟ್ ಮುಟ್ಟಿದರೆ ರಬ್ಬರ್ ಗಟ್ಟಿಯಾಗಿ, ಮಡಿಕೆಯಲ್ಲಿ ಸಣ್ಣ ಬಿರುಕು. ಹಳೇ ಶೀಲ್ಡ್ ಅವನ ಡಿಕ್ಕಿಯಲ್ಲೇ ಇತ್ತು. ಅದರ ಒಂದು ಕಿವಿ ಕತ್ತರಿಸಿ, ಹೊಸ ಬ್ರಾಕೆಟ್ ವೆಲ್ಡ್ ಮಾಡಿ ಕೂರಿಸಿದೆವು. ಪಕ್ಕದ ಸೆನ್ಸರ್ ವೈರ್‌ಗೆ ಹೀಟ್ ಸ್ಲೀವ್ ಹಾಕಿದೆವು. ಅದೇ ದಾರಿಯಲ್ಲಿ ಮತ್ತೆ ಎರಡು ದಿನ ಓಡಿಸಿದ ಮೇಲೆ ಹೊಸ ಸ್ಟಿಕ್ಕರ್ 104ಕ್ಕೆ ನಿಂತಿತ್ತು. ರ‍್ಯಾಪ್ ಸುರುಳಿಯನ್ನು ಅವನು ಅಂಗಡಿಗೆ ವಾಪಸ್ ಕೊಟ್ಟು, ಆ ದುಡ್ಡಿಗೆ ಹೊಸ ಬೂಟ್ ಹಾಕಿಸಿದ.