ಕಾರ್ಬನ್ ದೋಟಿ ಯಾವಾಗ ಮುರಿಯುತ್ತದೆ?

ತೀರ್ಥಹಳ್ಳಿ, ಸಾಗರದ ಅಡಿಕೆ ತೋಟಗಳಲ್ಲಿ ಈಗ ಕಾರ್ಬನ್ ಫೈಬರ್ ದೋಟಿಯದೇ ಮಾತು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರು ಸಿಗುವುದು ಕಷ್ಟ. ದೋಟಿ ಇದ್ದರೆ ನೆಲದಲ್ಲೇ ನಿಂತು ಕೊನೆ ತೆಗೆಯಬಹುದು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬಹುದು. (ಕರೆಂಟು ತಂತಿ ಹತ್ತಿರ ಮಾತ್ರ ಬೇಡ, ಕಾರ್ಬನ್‌ನಲ್ಲಿ ಕರೆಂಟು ಹರಿಯುತ್ತದೆ.) ಆದರೆ ಒಮ್ಮೆ ಕಲ್ಲಿಗೆ ಬಡಿದ ದೋಟಿ ಇನ್ನೆಷ್ಟು ದಿನ ಬಾಳುತ್ತದೆ?

ಬಿದಿರು ಮುರಿಯುವ ಮೊದಲು ಚರಚರ ಅನ್ನುತ್ತದೆ. ಕಾರ್ಬನ್ ಕೊಳವೆ ಅಷ್ಟು ಮಾತಾಡುವುದಿಲ್ಲ. ಸಾಮಾನ್ಯವಾಗಿ ಮೊದಲು ಕಾರ್ಬನ್ ಎಳೆಗಳ ನಡುವಿನ ಅಂಟು, ಅಂದರೆ ರೆಸಿನ್, ಸಣ್ಣಗೆ ಬಿರಿಯುತ್ತದೆ. ಆಮೇಲೆ ಪದರಗಳು ಒಂದನ್ನೊಂದು ಬಿಡುತ್ತವೆ. ಎಳೆ ತುಂಡಾಗುವುದು ಕಡೆಗೆ. ಹೊರಗೆ ಎಷ್ಟೋ ಸಲ ಒಂದು ಗೀರೂ ಕಾಣುವುದಿಲ್ಲ.

ಈ ಒಳಗಿನ ಕಥೆಯನ್ನು ಲೆಕ್ಕಕ್ಕೆ ತರುವುದು ವಿಜ್ಞಾನಿಗಳ ಹಳೆಯ ಕೆಲಸ. 1921ರಲ್ಲಿ ಗ್ರಿಫಿತ್ ಗಾಜಿನ ಬಿರುಕಿನಿಂದ ಶುರು ಮಾಡಿದರು, 1958ರಲ್ಲಿ ಕಚನೊವ್ ಹಾನಿಗೇ ಒಂದು ಅಳತೆ ಕೊಟ್ಟರು, 1971ರಲ್ಲಿ ತ್ಸಾಯ್ ಮತ್ತು ವು ಎಲ್ಲ ದಿಕ್ಕಿನ ಒತ್ತಡವನ್ನೂ ಒಂದೇ ಸೂತ್ರಕ್ಕೆ ಹಿಡಿದರು, 1980ರಲ್ಲಿ ಹಾಶಿನ್ ಎಳೆ ಮುರಿಯುವ ಬಗೆ ಬೇರೆ, ರೆಸಿನ್ ಬಿರಿಯುವ ಬಗೆ ಬೇರೆ ಎಂದರು.

ನಿಜವಾದ ಮಜಾ ಇರುವುದು 1990ರ ದಶಕದಲ್ಲಿ. ಅಷ್ಟು ಹೊತ್ತಿಗೆ ಸೂತ್ರಗಳು ಜಾಸ್ತಿಯಾಗಿ, ಯಾವುದನ್ನು ನಂಬಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಬ್ರಿಟನ್‌ನ ಸಂಶೋಧಕರಾದ ಹಿಂಟನ್, ಸೋಡನ್ ಮತ್ತು ಕದ್ದೂರ್ ಈ ಸೂತ್ರಗಳಿಗೆ ಒಂದು ಪಂದ್ಯವನ್ನೇ ಇಟ್ಟರು. ಸೂತ್ರ ಕಟ್ಟಿದವರಿಗೆ ವಸ್ತುವಿನ ಗುಣ ಕೊಟ್ಟರು, ಪರೀಕ್ಷೆಯ ಫಲಿತಾಂಶ ಮುಚ್ಚಿಟ್ಟರು. ಮೊದಲು ನಿಮ್ಮ ಉತ್ತರ ಹೇಳಿ, ಆಮೇಲೆ ನೋಡೋಣ! ಒಟ್ಟು 19 ಸಿದ್ಧಾಂತ, 14 ಪರೀಕ್ಷೆ. ಹೋಲಿಕೆಯೆಲ್ಲ ಮುಗಿದು ಪುಸ್ತಕವಾಗಿದ್ದು 2004ರಲ್ಲಿ. ಒಂದೇ ತುಂಡಿಗೆ ಒಬ್ಬರ ಉತ್ತರಕ್ಕೂ ಇನ್ನೊಬ್ಬರ ಉತ್ತರಕ್ಕೂ ಕೆಲವು ಕಡೆ ಹಲವು ಪಟ್ಟು ವ್ಯತ್ಯಾಸ. ಮೊದಲ ಬಿರುಕು ಯಾವಾಗ ಬೀಳುತ್ತದೆ ಅನ್ನುವಲ್ಲಂತೂ ಜಾಸ್ತಿ ಎಡವಿದರು.

ಆಮೇಲೆ ಕಂಪ್ಯೂಟರ್ ಬೆಳೆಯಿತು. ಪದರ ಬಿಡುವುದನ್ನೂ ಪರದೆಯ ಮೇಲೆ ನೋಡಬಹುದು, ಬಣ್ಣ ಬಣ್ಣದ ಚಿತ್ರ ಬರುತ್ತದೆ. ಆದರೆ ಮಾದರಿ ಸೂಕ್ಷ್ಮವಾದಷ್ಟೂ ಅದು ಕೇಳುವ ಅಂಕಿ ಜಾಸ್ತಿ, ಪ್ರತಿ ಅಂಕಿಗೂ ಯಾರಾದರೂ ಒಂದು ತುಂಡು ತಯಾರಿಸಿ ಮುರಿದು ನೋಡಬೇಕು. ಆ ಬೇಸರದ ಕೆಲಸಕ್ಕೆ ಕೈ ಕಡಿಮೆ. ಮೇಲಾಗಿ ರೆಸಿನ್ ತೇವ ಹೀರುತ್ತದೆ. ಒಣ ತುಂಡಿನ ಅಂಕಿ ಆಗುಂಬೆಯ ಮಳೆಗೆ ಹೊಂದೀತೇ?

ಲೆಕ್ಕ ಏನೇ ಹೇಳಲಿ, ವಿಮಾನದ ಕಾರ್ಬನ್ ರೆಕ್ಕೆಯನ್ನು ಇವತ್ತಿಗೂ ನಾಣ್ಯದಲ್ಲಿ ತಟ್ಟಿ ನೋಡುವುದುಂಟು. ಗಟ್ಟಿ ಜಾಗ ಟಣ್ ಅನ್ನುತ್ತದೆ, ಪದರ ಬಿಟ್ಟ ಜಾಗ ಡಬ್ ಅನ್ನುತ್ತದೆ. ಹಲಸಿನಕಾಯಿ ತಟ್ಟಿ ನೋಡುತ್ತೇವಲ್ಲ, ಹಾಗೇ. ಪಕ್ಕದ ತೋಟದವರಿಗೆ ಇದನ್ನು ಹೇಳಿದೆ. ಅವರು ದೋಟಿಯನ್ನು ಬುಡದಿಂದ ತುದಿಯವರೆಗೆ ತಟ್ಟುತ್ತಾ ಬಂದರು, ಎರಡನೇ ಜೋಡಣೆಯ ಹತ್ತಿರ ಕೈ ನಿಂತಿತು.